ಮಾಟುಂಗಾದ ಒಂದು ತಾಲೀಮು ಸಭಾಂಗಣ: ಕಾಲಿಗೆ ಒಳ್ಳೆಯದು, ಮಾತಿಗೆ ಅಷ್ಟಕ್ಕಷ್ಟೆ

ಮುಂಬಯಿಯಲ್ಲಿ ಕನ್ನಡ ನಾಟಕ ಕಟ್ಟುವವರಿಗೆ ನಟರು ಸಿಗುತ್ತಾರೆ, ನೋಡುವವರೂ ಸಿಗುತ್ತಾರೆ, ತಾಲೀಮಿಗೆ ಜಾಗ ಸಿಗುವುದು ಮಾತ್ರ ಕಷ್ಟ. ನಮ್ಮ ಕಾಲೇಜಿನ ಕನ್ನಡ ಸಂಘದ ವಿದ್ಯಾರ್ಥಿಗಳು ಈ ಬಾರಿ ಪ್ರಾಚೀನ ಗ್ರೀಕ್ ನಾಟಕಕಾರ ಸೊಫೊಕ್ಲಿಸ್‌ನ ‘ಅಂತಿಗೊನೆ’ಯನ್ನು ಪಿ. ಲಂಕೇಶರ ಕನ್ನಡದಲ್ಲಿ ಆಡಲು ಹೊರಟರು. ಪ್ರದರ್ಶನ ಕಾಲೇಜಿನ ಅಂಗಳದಲ್ಲೇ ಎಂದು ಗೊತ್ತಾಗಿದ್ದರೂ ಮಳೆಗಾಲ ಮುಗಿಯುವವರೆಗೆ ಆ ಅಂಗಳ ಉಪಯೋಗಕ್ಕೆ ಬಾರದ್ದರಿಂದ, ಮಾಟುಂಗಾ ಪೂರ್ವದಲ್ಲಿ ಗಂಟೆಯ ಲೆಕ್ಕಕ್ಕೆ ಬಾಡಿಗೆಗೆ ಸಿಗುವ ಒಂದು ಸಭಾಂಗಣವನ್ನು ಹಿಡಿದೆವು. ನಾಟಕ ಆಡಿಸುವ ಹೊಣೆ ನನ್ನದಾಗಿತ್ತು. ಜಾಗದ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಊರಿನಲ್ಲಿ ಇಂಥವು ಇನ್ನೂ ಹಲವು ಇವೆ, ಅವುಗಳ ಗುಣದೋಷಗಳೂ ಹೆಚ್ಚುಕಡಿಮೆ ಇವೇ. ಅರ್ಧ ಕುಣಿತ, ಅರ್ಧ ವಾಗ್ವಾದ ಎನ್ನಬಹುದಾದ ಗ್ರೀಕ್ ದುರಂತ ನಾಟಕಕ್ಕೆ ಜಾಗ ಹುಡುಕುತ್ತಿರುವವರಿಗಾಗಿ ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ: ಮೇಳದ, ಅಂದರೆ ಒಟ್ಟಾಗಿ ಹಾಡಿ ಕುಣಿಯುವ ಗುಂಪಿನ, ಚಲನೆಯನ್ನು ಕಟ್ಟಲು ಈ ಸಭಾಂಗಣವನ್ನು ಕಣ್ಣು ಮುಚ್ಚಿ ಹಿಡಿಯಬಹುದು, ಸಂಭಾಷಣೆಯ ತಾಲೀಮಿಗೆ ಇದೇ ಹಣ ತೆತ್ತು ಇಲ್ಲಿಗೆ ಹೋಗುವುದು ದಂಡ.

ಮಾಟುಂಗಾ ನಿಲ್ದಾಣದಿಂದಾಗಲಿ ಹಾರ್ಬರ್ ಮಾರ್ಗದ ಕಿಂಗ್ಸ್ ಸರ್ಕಲ್‌ನಿಂದಾಗಲಿ ನಡೆದೇ ಹೋಗುವಷ್ಟು ಹತ್ತಿರ. ಹಳೆಯ ಕಟ್ಟಡದ ಎರಡನೆಯ ಮಹಡಿ. 40 ಅಡಿ ಉದ್ದ, 24 ಅಡಿ ಅಗಲ, ಕೈ ಎತ್ತಿ ಜಿಗಿದರೂ ಫ್ಯಾನಿಗೆ ತಗಲದಷ್ಟು ಎತ್ತರದ ಸೂರು. ಗಂಟೆಗೆ 500 ರೂಪಾಯಿ ಬಾಡಿಗೆ, ಮೂರು ಗಂಟೆಗಿಂತ ಕಡಿಮೆ ಅವಧಿಗೆ ಕೊಡುವುದಿಲ್ಲ, ಎ.ಸಿ. ಬೇಕೆಂದರೆ ಗಂಟೆಗೆ 150 ರೂಪಾಯಿ ಹೆಚ್ಚು, ಮೇಲೆ 3,000 ರೂಪಾಯಿ ಠೇವಣಿ. ವಿದ್ಯಾರ್ಥಿಗಳು ತಲಾ ಇಷ್ಟು ಎಂದು ಕೂಡಿಸಿ ಕೊಡುವ ಹಣಕ್ಕೆ ಇದು ಅಗ್ಗವೇನಲ್ಲ, ಆದರೆ ಈ ಭಾಗದಲ್ಲಿ ಇದಕ್ಕಿಂತ ಕಡಿಮೆಗೆ ಸಿಗುವ ಜಾಗಗಳಲ್ಲಿ ಹದಿನೈದು ಜನ ಕೈ ಚಾಚಿ ನಿಲ್ಲಲು ಬರುವುದಿಲ್ಲ. ಈ ನಗರದ ನಾಟಕದವರು ಎರವಲು ಕೋಣೆಗಳಲ್ಲಿ ಕೆಲಸ ಮಾಡುತ್ತ ಬಂದವರೇ. 1970ರ ದಶಕದ ಮರಾಠಿ ಪ್ರಾಯೋಗಿಕ ರಂಗಭೂಮಿ ದಾದರ್‌ನ ಛಬಿಲ್‌ದಾಸ್ ಶಾಲೆಯ ಸಭಾಂಗಣದಲ್ಲಿ ಬೆಳೆದದ್ದು ಎಲ್ಲರಿಗೂ ಗೊತ್ತಿರುವ ವಿಷಯ. ಹಾಗಾಗಿ ಒಂದು ತಾಲೀಮು ಕೋಣೆಯಿಂದ ಇಷ್ಟೆಲ್ಲ ನಿರೀಕ್ಷಿಸುವುದು ಅತಿಯಾಯಿತೇನೋ ಎಂದು ಕೆಲವರಿಗೆ ಅನ್ನಿಸಬಹುದು. ಹಣ ಕೊಟ್ಟ ಮೇಲೆ ನಿರೀಕ್ಷೆ ಇರಲೇಬೇಕು ಎಂಬುದು ನನ್ನ ನಿಲುವು.

ಈ ಜಾಗದ ದೊಡ್ಡ ಗುಣ ಅದರ ನೆಲ. ಮುಂಬಯಿಯ ಬಾಡಿಗೆ ಸಭಾಂಗಣಗಳಲ್ಲಿ ಸಾಮಾನ್ಯವಾಗಿ ಸಿಗುವುದು ಮೊಸಾಯಿಕ್, ಕೋಟಾ ಕಲ್ಲು, ಇಲ್ಲವೇ ಬೆವರು ಬಿದ್ದರೆ ಜಾರುವ ಟೈಲ್ಸ್. ಕಲ್ಲಿನ ಮೇಲೆ ಬರಿಗಾಲಿನಲ್ಲಿ ಒಂದು ಸಂಜೆಯೆಲ್ಲ ಹೆಜ್ಜೆ ಹಾಕಿದರೆ ಮರುದಿನ ಮೊಣಕಾಲಿನಿಂದ ಕೆಳಗೆ ನೋವು ಹಿಡಿದುಕೊಳ್ಳುತ್ತದೆ. ಇಲ್ಲಿ ಹಿಂದೆ ಭರತನಾಟ್ಯದ ತರಗತಿ ನಡೆಸುತ್ತಿದ್ದವರ ಒತ್ತಾಯದ ಮೇರೆಗೆ ಗಾರೆಯ ನೆಲದ ಮೇಲೆ ಮರದ ರೀಪು ಹೊಡೆದು, ಅದರ ಮೇಲೆ ಹಲಗೆ ಹಾಸಿದ್ದಾರಂತೆ. ಹಲಗೆಗೂ ಗಾರೆಗೂ ನಡುವೆ ಸಂದು ಇರುವುದರಿಂದ ಕಾಲಿಟ್ಟಾಗ ನೆಲ ಕೂದಲೆಳೆಯಷ್ಟು ತಗ್ಗಿ ಮತ್ತೆ ಮೇಲೇಳುತ್ತದೆ, ಮತ್ತು ಪ್ರತಿಯೊಂದು ಹೆಜ್ಜೆಗೂ ತನ್ನದೇ ಸದ್ದು ಕೊಡುತ್ತದೆ. ಈ ಸದ್ದೇ ನಮಗೆ ಬೇಕಾಗಿದ್ದದ್ದು. ಗ್ರೀಕ್ ಮೇಳದ ಹಾಡುಗಳು ಸ್ಟ್ರೋಫಿ, ಆಂಟಿಸ್ಟ್ರೋಫಿ ಎಂದು ಜೋಡಿಯಾಗಿ ಬರುತ್ತವೆ. ಎರಡರ ಛಂದಸ್ಸೂ ಒಂದೇ. ಆದ್ದರಿಂದ ಮೊದಲ ಭಾಗಕ್ಕೆ ಬಲಕ್ಕೆ ಹಾಕಿದ ಹೆಜ್ಜೆಗಳನ್ನೇ ಎರಡನೆಯ ಭಾಗಕ್ಕೆ ಎಡಕ್ಕೆ ತಿರುಗಿಸಿ ಹಾಕುವ ಕ್ರಮವನ್ನು ನಾವು ಇಟ್ಟುಕೊಂಡೆವು. ಹೋದ ದಾರಿಯನ್ನೇ ಮರಳಿ ಬಂದ ಹಾಗೆ ಕಾಣಬೇಕಾದರೆ ಎರಡು ಬಾರಿಯೂ ಕಾಲಿನ ಲೆಕ್ಕ ಒಂದೇ ಆಗಿರಬೇಕು. ಆಗಿದೆಯೋ ಇಲ್ಲವೋ ಎಂಬುದನ್ನು ಕಣ್ಣಿಗಿಂತ ಮೊದಲು ಕಿವಿ ಹೇಳಿಬಿಡುತ್ತದೆ, ನೆಲ ಮರದ್ದಾಗಿದ್ದರೆ.

ನಮ್ಮ ತಂಡದಲ್ಲಿ ಕರಾವಳಿ ಮೂಲದ ಮನೆಗಳಿಂದ ಬಂದ ಕೆಲವರಿಗೆ ಯಕ್ಷಗಾನದ ಅಭ್ಯಾಸವಿತ್ತು. ಅವರ ಕಾಲು ನೆಲವನ್ನು ಒದೆಯುತ್ತಿತ್ತು. ಸೋಲಾಪುರ, ವಿಜಯಪುರದ ಕಡೆಯವರ ಮಕ್ಕಳಿಗೆ ಅಂಥ ರೂಢಿ ಇಲ್ಲ. ಅವರ ಕಾಲು ನೆಲವನ್ನು ಸವರಿಕೊಂಡು ಹೋಗುತ್ತಿತ್ತು. ‘ಅಂತಿಗೊನೆ’ಯ ಮೇಳವಾದರೋ ಥೀಬ್ಸ್ ನಗರದ ಹಿರಿಯರ ಮೇಳ, ಹತ್ತೊಂಬತ್ತರ ಹರೆಯದವರು ಎಪ್ಪತ್ತರ ನಡಿಗೆಯನ್ನು ತಂದುಕೊಳ್ಳಬೇಕು. ಬೆನ್ನು ಬಗ್ಗಿಸಿ ಕೋಲೂರುವುದು ಸುಲಭದ ಉಪಾಯ, ಆದರೆ ಅದು ಎರಡನೆಯ ಹಾಡಿನ ಹೊತ್ತಿಗೆ ನಗೆಪಾಟಲಾಗುತ್ತದೆ. ನಾವು ಬೆನ್ನನ್ನು ನೆಟ್ಟಗೆ ಇಟ್ಟು, ಮೊದಲು ಹಿಮ್ಮಡಿ ಊರಿ, ಆಮೇಲೆ ಭಾರವನ್ನು ನಿಧಾನವಾಗಿ ಮುಂಗಾಲಿಗೆ ಬಿಡುವ ನಡೆಯನ್ನು ಕಲಿಸಿದೆವು. ಹದಿನೈದು ಹಿಮ್ಮಡಿಗಳು ಒಟ್ಟಿಗೆ ಬಿದ್ದಾಗ ಈ ಹಲಗೆಗಳಿಂದ ಗಟ್ಟಿಯಾದ ಒಂದೇ ಸದ್ದು ಬರುತ್ತದೆ. ಒಬ್ಬರು ತಡವಾದರೂ ಅದಕ್ಕೊಂದು ಅಂಚು ಕಾಣಿಸಿಕೊಳ್ಳುತ್ತದೆ. ಮೂರನೆಯ ಸಾಲಿನ ಕೊನೆಯಲ್ಲಿದ್ದ ಹುಡುಗಿ ತಿರುವಿನಲ್ಲಿ ಪ್ರತಿಸಲವೂ ಹಿಂದೆ ಬೀಳುತ್ತಿದ್ದುದನ್ನು ನಾನು ನೋಡಿ ತಿಳಿದದ್ದಲ್ಲ, ಗೋಡೆಯ ಕಡೆ ಮುಖ ಮಾಡಿ ನಿಂತು ಕೇಳಿ ತಿಳಿದದ್ದು. ಕಾರಣವೂ ಸರಳ: ತಿರುವಿನಲ್ಲಿ ಹೊರಗಿನವರಿಗೆ ದಾರಿ ಉದ್ದ, ಆಕೆ ಒಳಗಿನವರಷ್ಟೇ ಅಳತೆಯ ಹೆಜ್ಜೆ ಹಾಕುತ್ತಿದ್ದಳು. ಕಲ್ಲಿನ ನೆಲದ ಮೇಲಾಗಿದ್ದರೆ ಇದು ಪ್ರದರ್ಶನದ ದಿನದವರೆಗೂ ಹಾಗೇ ಉಳಿದಿರುತ್ತಿತ್ತೋ ಏನೋ.

ಆದರೆ ಈ ಗುಣವನ್ನು ಅನುಭವಿಸಲು ಒಂದು ಷರತ್ತಿದೆ. ಕೆಳಗಿನ ಮಹಡಿಯಲ್ಲಿ ಸಂಜೆ ಆರು ಗಂಟೆಗೆ ಮುಚ್ಚುವ ಒಂದು ಕಚೇರಿ ಇದೆ. ಅದು ಮುಚ್ಚುವವರೆಗೆ ಕಾಲು ಬಡಿಯುವಂತಿಲ್ಲ. ಕಾಯ್ದಿರಿಸುವಾಗ ಇದನ್ನು ಯಾರೂ ಹೇಳುವುದಿಲ್ಲ, ಕೆಳಗಿನಿಂದ ಜವಾನ ಹತ್ತಿ ಬಂದಾಗಲೇ ತಿಳಿಯುವುದು. ಮೇಳದ ತಾಲೀಮು ಇರುವವರು ಸಂಜೆ ಆರೂವರೆಯಿಂದ ಒಂಬತ್ತೂವರೆಯ ಅವಧಿಯನ್ನೇ ಕೇಳಿ ಪಡೆಯಬೇಕು, ಇಲ್ಲವೇ ಭಾನುವಾರ ಹೋಗಬೇಕು.

ಅಳತೆಯ ವಿಷಯದಲ್ಲಿಯೂ ಸ್ವಲ್ಪ ಎಚ್ಚರ ಬೇಕು. ಮೇಳದ ಸಂಖ್ಯೆಯನ್ನು ಹನ್ನೆರಡರಿಂದ ಹದಿನೈದಕ್ಕೆ ಏರಿಸಿದವನು ಸೊಫೊಕ್ಲಿಸ್ ಎಂದು ಪರಂಪರೆ ಹೇಳುತ್ತದೆ; ಆ ಹದಿನೈದು ಜನ ಐದೈದರ ಮೂರು ಸಾಲುಗಳಲ್ಲಿ ರಂಗಕ್ಕೆ ಬರುತ್ತಿದ್ದರು. ಆ ಕಟ್ಟು ಇಲ್ಲಿ ಸಲೀಸಾಗಿ ಹಿಡಿಸುತ್ತದೆ. ಆದರೆ ಗ್ರೀಸ್ ದೇಶದ ಎಪಿಡಾರಸ್‌ನ ಬಯಲು ರಂಗದ ಕುಣಿತದ ವೃತ್ತಕ್ಕೆ ಸುಮಾರು 20 ಮೀಟರ್, ಅಂದರೆ 65 ಅಡಿಗೂ ಮಿಕ್ಕಿದ ವ್ಯಾಸ. ನಾವು ನಡುವೆ ಒಬ್ಬನನ್ನು ದಾರದ ತುದಿ ಹಿಡಿದು ಕೂರಿಸಿ, ಇನ್ನೊಂದು ತುದಿಗೆ ಸೀಮೆಸುಣ್ಣ ಕಟ್ಟಿ ಎಳೆದ ವೃತ್ತ 21 ಅಡಿಯದು, ಮೂರರಲ್ಲಿ ಒಂದು ಪಾಲೂ ಇಲ್ಲ. ಕಾಲೇಜಿನ ಅಂಗಳ ಇದಕ್ಕಿಂತ ದೊಡ್ಡದು. ಇಲ್ಲಿ ರೂಢಿಯಾದ ಗಿಡ್ಡ ಹೆಜ್ಜೆಗಳನ್ನು ಅಲ್ಲಿ ಹಿಗ್ಗಿಸಬೇಕಾದಾಗ ಹಾಡಿನ ಲಯವೇ ಎಳೆದಂತಾಗುತ್ತದೆ. ಹೆಜ್ಜೆಯ ಅಳತೆ ಹಿಗ್ಗಿಸುವ ಬದಲು ಹೆಜ್ಜೆಗಳ ಸಂಖ್ಯೆ ಹೆಚ್ಚಿಸುವುದು ಇದಕ್ಕೆ ಪರಿಹಾರ. ಆ ಲೆಕ್ಕವನ್ನು ಈ ಕೋಣೆಯಲ್ಲಿರುವಾಗಲೇ ಹಾಕಿಟ್ಟುಕೊಂಡರೆ ಒಳ್ಳೆಯದು. ಗುರುತಿಗೆ ಟೇಪು ಅಂಟಿಸಲು ಬಿಡುವುದಿಲ್ಲ, ಕಿತ್ತಾಗ ಹಲಗೆಯ ವಾರ್ನಿಷ್ ಏಳುತ್ತದಂತೆ. ಸೀಮೆಸುಣ್ಣಕ್ಕೆ ಅಡ್ಡಿಯಿಲ್ಲ, ಹೊರಡುವ ಮುನ್ನ ಒದ್ದೆ ಬಟ್ಟೆಯಲ್ಲಿ ಒರೆಸಿಕೊಟ್ಟರೆ ಸಾಕು. ಇನ್ನು, ಕೋಣೆಯ ಒಂದು ಕಡೆ, ಯಾವ ವಾಸ್ತುಶಿಲ್ಪಿಯ ಕೃಪೆಯೋ, ಗೋಡೆಯಿಂದ ಒಂಬತ್ತಡಿ ಈಚೆಗೆ ಒಂದು ಕಂಬ ನಿಂತಿದೆ. ಬಂದ ಹೊಸತರಲ್ಲಿ ಎಲ್ಲರೂ ಅದನ್ನು ಬೈದರು. ಕೊನೆಗೆ ಅದನ್ನೇ ಥೀಬ್ಸ್ ದೊರೆ ಕ್ರಿಯೋನನ ಅರಮನೆಯ ಬಾಗಿಲ ಪಕ್ಕ ಎಂದು ಇಟ್ಟುಕೊಂಡಾಗ, ಒಳಗಿನಿಂದ ಬರುವವರಿಗೂ ಹೊರಗಿನಿಂದ ಬರುವವರಿಗೂ ದಾರಿ ತಾನಾಗಿ ಬೇರೆಯಾಯಿತು.

ಉದ್ದನೆಯ ಒಂದು ಗೋಡೆಗೆ ತುದಿಯಿಂದ ತುದಿಗೆ ಕನ್ನಡಿ ಇದೆ, ಪರದೆ ಇಲ್ಲ. ನೃತ್ಯದ ತರಗತಿಗೆ ಅದು ಅಗತ್ಯವಿರಬಹುದು, ನಾಟಕದವರಿಗೆ ಅದೊಂದು ಶನಿ. ಸೋದರಿ ಇಸ್ಮೆನೆಯೊಂದಿಗೆ ಮಾತನಾಡಬೇಕಾದ ಅಂತಿಗೊನೆ ಕನ್ನಡಿಯಲ್ಲಿರುವ ತನ್ನೊಂದಿಗೆ ಮಾತನಾಡತೊಡಗುತ್ತಾಳೆ, ಮೇಳದವರು ಪಕ್ಕದವರ ಉಸಿರನ್ನು ಕೇಳಿ ಹೊರಡುವ ಬದಲು ಗಾಜಿನಲ್ಲಿ ನೋಡಿ ಹೊರಡುತ್ತಾರೆ. ಪ್ರದರ್ಶನದ ದಿನ ಎದುರಿಗೆ ಗಾಜು ಇರುವುದಿಲ್ಲ.

ಈ ಕನ್ನಡಿಯೇ ಮುಂದಿನ, ಹೆಚ್ಚು ಗಂಭೀರವಾದ ದೋಷಕ್ಕೂ ಮೂಲ. ಒಂದು ಕಡೆ ಗಾಜು, ಅದಕ್ಕೆ ಎದುರಾಗಿ ನುಣ್ಣನೆಯ ಗಾರೆ ಗೋಡೆ, ಕೆಳಗೆ ಹಲಗೆ, ಮೇಲೆ ಬರಿ ಸೂರು. ಸದ್ದನ್ನು ಹೀರಿಕೊಳ್ಳುವ ವಸ್ತು ಒಂದೂ ಇಲ್ಲದ್ದರಿಂದ ಅದು ಎರಡು ಗೋಡೆಗಳ ನಡುವೆ ಹೋಗಿ ಬಂದು ಮಾಡುತ್ತಲೇ ಇರುತ್ತದೆ. ನಡುವೆ ನಿಂತು ಒಂದು ಚಪ್ಪಾಳೆ ತಟ್ಟಿದರೆ ಸಾಕು, ಅದು ನಿಲ್ಲದೆ ‘ಝಿರ್’ ಎಂದು ಎಳೆದುಕೊಂಡು ಹೋಗುವುದು ಯಾರಿಗಾದರೂ ಕೇಳಿಸುತ್ತದೆ. ಇಪ್ಪತ್ತು ಜನ ತುಂಬಿರುವಾಗ ಮೈ, ಬಟ್ಟೆಗಳೇ ಸ್ವಲ್ಪ ಸದ್ದನ್ನು ಹೀರುವುದರಿಂದ ತೊಂದರೆ ಅಷ್ಟಾಗಿ ಗೊತ್ತಾಗುವುದಿಲ್ಲ. ಇಬ್ಬರೇ ಉಳಿದು ಮಾತಿನ ತಾಲೀಮಿಗೆ ನಿಂತಾಗ ಅದು ಪೂರ್ತಿಯಾಗಿ ಬಯಲಿಗೆ ಬರುತ್ತದೆ.

ಕನ್ನಡಕ್ಕೆ ಇದರಿಂದಾಗುವ ಹಾನಿ ಸಣ್ಣದಲ್ಲ. ನಮ್ಮ ಮಾತುಗಳು ಬಹುಮಟ್ಟಿಗೆ ಸ್ವರದಲ್ಲಿ ಮುಗಿಯುತ್ತವೆ. ಕ್ರಿಯಾಪದ ವಾಕ್ಯದ ತುದಿಗೆ ಬಂದು ಕೂರುತ್ತದೆ. ಬಿಡುತ್ತೇನೆಯೋ ಬಿಡುವುದಿಲ್ಲವೋ ಎಂಬುದು ಆ ತುದಿಯಲ್ಲೇ ತೀರ್ಮಾನವಾಗುತ್ತದೆ. ಗುಂಯ್‌ಗುಡುವ ಕೋಣೆ ನುಂಗಿಹಾಕುವುದು ಆ ತುದಿಯನ್ನೇ. ಈಗ ಅಂತಿಗೊನೆಗೆ ಮರಣದಂಡನೆ ವಿಧಿಸಿದ ಕ್ರಿಯೋನ ಮತ್ತು ಅವಳನ್ನು ಮದುವೆಯಾಗಬೇಕಿದ್ದ ಅವನ ಮಗ ಹೈಮೋನ ಎದುರುಬದುರಾಗುವ ದೃಶ್ಯವನ್ನು ತೆಗೆದುಕೊಳ್ಳಿ. ಮಗ ಮೊದಲು ತಂದೆಗೆ ತಲೆಬಾಗಿಯೇ ಮಾತು ಶುರು ಮಾಡುತ್ತಾನೆ, ಇಬ್ಬರೂ ಒಂದೊಂದು ದೀರ್ಘ ಮಾತನ್ನು ಆಡಿ ಮುಗಿಸುತ್ತಾರೆ, ಆಮೇಲೆ ಜಗಳ ಒಬ್ಬರಿಗೊಂದು ಸಾಲಿನಂತೆ ಸರಸರನೆ ಏರುತ್ತದೆ. ಗ್ರೀಕರು ಸ್ಟಿಕೊಮಿಥಿಯಾ ಎಂದು ಕರೆಯುವ ಈ ಸವಾಲು ಜವಾಬಿನಲ್ಲಿ ಒಬ್ಬನ ಸಾಲಿನ ಕೊನೆಯ ಅಕ್ಷರ ಬಿದ್ದ ಕೂಡಲೇ ಇನ್ನೊಬ್ಬನ ಮೊದಲ ಅಕ್ಷರ ಏಳಬೇಕು. ಇಲ್ಲಿ ಹಾಗಾಗಲಿಲ್ಲ. ಕ್ರಿಯೋನನ ‘ಇಲ್ಲ’ ಇನ್ನೂ ಗೋಡೆಯ ಮೇಲೆ ಇರುವುದರಿಂದ ಹೈಮೋನ ಅದು ಆರುವವರೆಗೆ ಕಾಯುತ್ತಿದ್ದ. ಅವನು ಕಾದದ್ದಕ್ಕೆ ಕ್ರಿಯೋನನೂ ಕಾಯುತ್ತಿದ್ದ. ಹುಡುಗರಿಬ್ಬರೂ ಬುದ್ಧಿವಂತರಾದ್ದರಿಂದ ಆ ಬಿಡುವನ್ನು ತುಂಬಲು ಏನೇನೋ ಅರ್ಥಗರ್ಭಿತ ನೋಟಗಳನ್ನು ಕಂಡುಕೊಂಡರು. ನೋಡಲು ಘನವಾಗಿತ್ತು, ಜಗಳ ಮಾತ್ರ ಸತ್ತುಹೋಗಿತ್ತು. ಅದಕ್ಕಿಂತ ಕೆಟ್ಟದ್ದೆಂದರೆ ಈ ಕೋಣೆ ಎಲ್ಲರ ದನಿಯನ್ನೂ ದೊಡ್ಡದು ಮಾಡಿ ತೋರಿಸುತ್ತದೆ. ಮುಂಬಯಿಯಲ್ಲಿ ಬೆಳೆದ ನಮ್ಮ ಮಕ್ಕಳಲ್ಲಿ ಹಲವರಿಗೆ ಮನೆಮಾತು ತುಳು, ಬೀದಿಯ ಮಾತು ಹಿಂದಿ, ಮರಾಠಿ. ಕೆಲವರಿಗೆ ಹಕಾರ ಜಾರುತ್ತದೆ, ಕೆಲವರಿಗೆ ದೀರ್ಘಗಳು ಗಿಡ್ಡವಾಗುತ್ತವೆ. ಇವೆಲ್ಲ ಇಲ್ಲಿ ಗುಂಗಿನಲ್ಲಿ ಮುಚ್ಚಿಹೋಗುತ್ತವೆ, ಹುಡುಗರು ಚೆನ್ನಾಗಿ ಬಂತೆಂದುಕೊಂಡು ಮನೆಗೆ ಹೋಗುತ್ತಾರೆ. ಮೊಬೈಲನ್ನು ಬಾಯಿಯ ಹತ್ತಿರ ಇಟ್ಟು ಮುದ್ರಿಸಿಕೊಂಡು ಕೇಳಿದಾಗಲೇ ಬಂಡವಾಳ ಬಯಲಾಗುವುದು.

ದೂತನ ವರದಿಯಂಥ ದೀರ್ಘ ಮಾತಿಗೆ ಈ ಗುಂಗು ಹೊಂದಿಕೊಳ್ಳುತ್ತದೆ ಎಂದು ಯಾರಾದರೂ ವಾದಿಸಬಹುದು. ನಿಜವೇ, ಒಬ್ಬನೇ ನಿಂತು ಸಾವಿನ ಸುದ್ದಿ ಹೇಳುವಾಗ ದನಿಗೆ ಒಂದು ಗಾಂಭೀರ್ಯ ಬರುತ್ತದೆ. ಆದರೆ ಆ ಗಾಂಭೀರ್ಯ ಕೋಣೆಯದು, ನಟನದಲ್ಲ. ಗ್ರೀಕರ ರಂಗಮಂದಿರಕ್ಕೆ ಸೂರು ಇರಲಿಲ್ಲ. ಆಡಿದ ಮಾತು ಒಮ್ಮೆ ಕಿವಿಗೆ ಬಿದ್ದು ಮುಗಿಯುತ್ತಿತ್ತು, ಆದ್ದರಿಂದ ವ್ಯಂಜನಗಳು ಚೊಕ್ಕವಾಗಿರಬೇಕಿತ್ತು, ಮುಖ ಜನರ ಕಡೆಗಿರಬೇಕಿತ್ತು. ನಿರ್ದೇಶಕ ಬಿ.ವಿ. ಕಾರಂತರು ಲಂಕೇಶರೇ ಸೊಫೊಕ್ಲಿಸನಿಂದ ಕನ್ನಡಕ್ಕೆ ತಂದ ‘ಈಡಿಪಸ್’ ಅನ್ನು 1972ರಲ್ಲಿ ಬೆಂಗಳೂರಿನಲ್ಲಿ ಬಯಲಿಗೇ ತಂದರು. ಬಯಲಿನಲ್ಲಿ ಆಡಬೇಕಾದ ನಾಟಕದ ಮಾತನ್ನು ಗುಂಯ್‌ಗುಡುವ ಕೋಣೆಯಲ್ಲಿ ತಿದ್ದುವುದೆಂದರೆ ಬೇಡದ್ದನ್ನೇ ಶ್ರದ್ಧೆಯಿಂದ ಕಲಿಸಿದಂತೆ.

ಪರಿಹಾರವೇ ಇಲ್ಲವೆಂದಲ್ಲ. ತೆಳ್ಳಗಿನ ಹಾಸಿಗೆ ವಸ್ತ್ರಗಳನ್ನು ತಂದು ಕನ್ನಡಿಗೆ ಇಳಿಬಿಟ್ಟೆವು. ಪ್ರತಿಬಿಂಬ ಮರೆಯಾಯಿತು, ಗುಂಗು ಹಾಗೇ ಉಳಿಯಿತು. ದಪ್ಪನೆಯ ಜಮಖಾನೆಗಳನ್ನು ಎರಡು ಪದರ ಮಾಡಿ, ಗಾಜಿಗೆ ಅಂಟದಂತೆ ಒಂದು ಗೇಣು ಈಚೆಗೆ ಹಗ್ಗ ಕಟ್ಟಿ ಇಳಿಬಿಟ್ಟಾಗ ಮಾತು ಸಾಕಷ್ಟು ತಿಳಿಯಾಯಿತು. ಕಾವಲಿನ ಕಾಕಾ ತಮ್ಮಲ್ಲಿದ್ದ ಎರಡನ್ನು ಕೊಟ್ಟು, ಕಂಬದಿಂದ ಕಿಟಕಿಗೆ ಹಗ್ಗ ಬಿಗಿಯಲು ತಾವೇ ಏಣಿ ಹತ್ತಿದರು. ಉಳಿದವನ್ನು ವಿದ್ಯಾರ್ಥಿಗಳು ಮನೆಗಳಿಂದ ಹೊತ್ತು ತಂದರು. ಆದರೆ ಡೊಂಬಿವಲಿಯಿಂದ ಸಂಜೆಯ ಲೋಕಲ್‌ನಲ್ಲಿ ಜಮಖಾನೆ ಹೊತ್ತು ಬರುವುದನ್ನು ಎಷ್ಟು ದಿನ ಕೇಳಲಾದೀತು? ಕೊನೆಗೆ ಇಬ್ಬರು ಮೂವರ ದೃಶ್ಯಗಳನ್ನೆಲ್ಲ ಇಲ್ಲಿಂದ ತೆಗೆದು, ಬೆಂಚುಗಳು ತುಂಬಿದ ಕಾಲೇಜಿನ ತರಗತಿಗೂ, ಮಳೆ ಬಿಟ್ಟ ದಿನಗಳಲ್ಲಿ ಹತ್ತಿರದ ಉದ್ಯಾನ ಫೈವ್ ಗಾರ್ಡನ್ಸ್‌ಗೂ ಸಾಗಿಸಿದೆವು. ಬಯಲಿನಲ್ಲಿ ಕ್ರಿಯೋನ, ಹೈಮೋನರ ನಡುವಿನ ಬಿಡುವು ಒಂದೇ ಸಂಜೆಯಲ್ಲಿ ಮಾಯವಾಯಿತು. ಅಡ್ಡಾಡಲು ಬಂದಿದ್ದ ಹಿರಿಯರೊಬ್ಬರು ಇದು ನಿಜವಾದ ಜಗಳವೆಂದೇ ಬಗೆದು ಮರಾಠಿಯಲ್ಲಿ ಸಮಾಧಾನ ಹೇಳಲು ನಡುವೆ ಬಂದರು. ವಿಮರ್ಶಕರಿಂದ ಇದಕ್ಕಿಂತ ಒಳ್ಳೆಯ ಮಾತು ಸಿಗಲಾರದೆಂದು ಹುಡುಗರು ಹಿಗ್ಗಿದರು.

ಕ್ರಿಯೋನನ ಹೆಂಡತಿ ಯೂರಿಡಿಸಿಯ ನಿರ್ಗಮನವನ್ನು ತಿದ್ದಲೂ ಈ ಸಭಾಂಗಣ ತಕ್ಕುದಲ್ಲ. ಮಗನ ಸಾವಿನ ವರದಿಯನ್ನು ಪೂರ್ತಿ ಕೇಳಿದ ರಾಣಿ ಒಂದೂ ಮಾತಾಡದೆ ಒಳಗೆ ಹೋಗುತ್ತಾಳೆ, ಮೇಳ ಅವಳ ಮೌನಕ್ಕೆ ಬೆದರುತ್ತದೆ. ಆ ಹೊತ್ತಿಗೆ ಇಲ್ಲಿ ಫ್ಯಾನುಗಳ ಕಟಕಟ, ಕೆಳಗಿನ ರಸ್ತೆಯ ಹಾರನ್ನು, ಮಳೆ ಬಂದರೆ ಬಾಲ್ಕನಿಯ ತಗಡಿನ ಸದ್ದು.

ಸೇವೆಯ ವಿಷಯಕ್ಕೆ ಬಂದರೆ, ವಾಟ್ಸಾಪಿನಲ್ಲಿ ಕಾಯ್ದಿರಿಸಬಹುದು, ಉತ್ತರ ಬೇಗ ಬರುತ್ತದೆ, ಹಣಕ್ಕೆ ರಸೀದಿ ಕೊಡುತ್ತಾರೆ. ಕುಡಿಯುವ ನೀರಿದೆ, ಶೌಚಾಲಯ ಶುಚಿಯಾಗಿದೆ, ಹುಡುಗಿಯರಿಗೆ ಬಟ್ಟೆ ಬದಲಿಸಲು ಚಿಲಕವಿರುವ ಸಣ್ಣ ಕೋಣೆ ಇದೆ. ಸಾಮಾನು ಬಿಟ್ಟುಹೋಗಲು ಅವಕಾಶವಿಲ್ಲ. ಹಳೆಯ ಲಿಫ್ಟಿನಲ್ಲಿ ನಾಲ್ಕು ಜನಕ್ಕಿಂತ ಹೆಚ್ಚು ಹಿಡಿಸುವುದಿಲ್ಲವಾದ್ದರಿಂದ ಹೈಮೋನನ ಶವದ ಚಟ್ಟವನ್ನು ಪ್ರತಿಸಲವೂ ಮೆಟ್ಟಿಲ ಮೇಲೆಯೇ ಹೊತ್ತೊಯ್ಯಬೇಕಾಗಿತ್ತು, ಬಾಗಿಲುಗಳಿಂದ ಇಣುಕುತ್ತಿದ್ದವರಿಗೆ ಉತ್ತರ ಹೇಳುವ ಕೆಲಸ ಬೇರೆ. ಒಂದು ಶನಿವಾರ ನಾವು ಹೋದಾಗ ಒಳಗೆ ಜುಂಬಾ ತರಗತಿ ನಡೆಯುತ್ತಿತ್ತು. ಒಂದೇ ಅವಧಿಯನ್ನು ಇಬ್ಬರಿಗೆ ಕೊಟ್ಟಿದ್ದರು. ಆಡಳಿತದವರು ಕ್ಷಮೆ ಕೇಳಿ ಬೇರೊಂದು ದಿನ ಪುಕ್ಕಟೆಯಾಗಿ ಕೊಟ್ಟದ್ದೇನೋ ಸರಿ, ಆದರೆ ವಸಯಿಯಿಂದಲೂ ನವಿ ಮುಂಬಯಿಯಿಂದಲೂ ಬಂದಿದ್ದವರ ಸಂಜೆ ಮರಳಿ ಬರಲಿಲ್ಲ. ಹೊರಡುವ ಮುನ್ನ ಅದೇ ದಿನ ಬೆಳಿಗ್ಗೆ ಮತ್ತೊಮ್ಮೆ ಸಂದೇಶ ಕಳಿಸಿ ಖಚಿತಪಡಿಸಿಕೊಳ್ಳುವುದು ಕ್ಷೇಮ. ನವರಾತ್ರಿಯ ಒಂಬತ್ತು ದಿನ ಗರ್ಬಾದವರದೇ ರಾಜ್ಯ, ಆಗ ಕೇಳಿ ಫಲವಿಲ್ಲ. ರಾತ್ರಿ ಒಂಬತ್ತೂವರೆಗೆ ದೀಪ ಆರಿಸುವ ನಿಯಮವನ್ನು ಕೆಲವರು ದೂರುತ್ತಾರೆ. ದೂರದ ಲೋಕಲ್ ಹಿಡಿಯಬೇಕಾದ ವಿದ್ಯಾರ್ಥಿಗಳನ್ನು ಕರೆದುಕೊಂಡು ಹೋಗುವವರಿಗೆ ಅದು ಉಪಕಾರವೇ. ತಾಲೀಮಿನ ನಂತರ ಹೊಟ್ಟೆಗೇನು ಎಂಬ ಚಿಂತೆಯಂತೂ ಉಡುಪಿ ಹೋಟೆಲುಗಳಿರುವ ಮಾಟುಂಗಾದಲ್ಲಿ ನಮ್ಮವರಿಗೆ ಇರುವುದಿಲ್ಲ.

ನಮ್ಮಂತೆ ಬಯಲಿನಲ್ಲಿ ಆಡುವವರು ಮೇಳದ ಪ್ರವೇಶ, ಹಾಡುಗಳು, ಮದ್ಯದ ದೇವತೆ ಬಾಕಸ್‌ನನ್ನು ಕರೆಯುವ ಕೊನೆಯ ಕುಣಿತ, ಇಷ್ಟನ್ನು ಮಾತ್ರ ಇಲ್ಲಿ ಕಟ್ಟಿಕೊಂಡು, ಮೇಳ ಇಲ್ಲದ ದಿನಗಳ ಬಾಡಿಗೆಯನ್ನು ಉಳಿಸಿ ಅದನ್ನು ಅಂಗಳದ ದೀಪಗಳಿಗೆ ಖರ್ಚು ಮಾಡುವುದು ಲೇಸು. ಒಳಾಂಗಣದಲ್ಲಿ, ಧ್ವನಿವರ್ಧಕ ಇಟ್ಟುಕೊಂಡು ಆಡುವವರಿಗೆ ನನ್ನ ಆಕ್ಷೇಪಗಳು ಅಷ್ಟು ಮುಖ್ಯವಾಗಲಾರವು. ಕನ್ನಡಿಗೆ ದಪ್ಪ ಪರದೆ ಹಾಕಿಸಿಕೊಡಿ ಎಂದು ಬರೆದುಕೊಟ್ಟಿದ್ದೇವೆ, ದೀಪಾವಳಿಯ ನಂತರ ನೋಡೋಣ ಎಂದಿದ್ದಾರೆ. ಜನವರಿಯಿಂದ ಗಂಟೆಗೆ 50 ರೂಪಾಯಿ ಏರಿಸುವುದಾಗಿ ಮಾತ್ರ ಈಗಲೇ ಹೇಳಿಬಿಟ್ಟಿದ್ದಾರೆ.